ಕೇಂದ್ರದಿಂದ ಊರಿಗೆ ಹೊರಟವರ ಜೊತೆ ಸಿಸ್ಟರ್ ಏನೇನು ಕಳಿಸಬೇಕು? ಫೈಲ್ ಒಂದೇ ಸಾಕಾ?

ಚಿಂತಾಮಣಿ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ 14 ವರ್ಷ ಆಯ್ತು. ಅದರಲ್ಲಿ 9 ವರ್ಷ ಒಂದೇ ಕಡೆ, ಬೌದ್ಧಿಕ ವಿಕಲತೆ ಇರೋ ದೊಡ್ಡವರ ವಸತಿ ಕೇಂದ್ರದಲ್ಲಿ. ಕೇಂದ್ರದ ಹೆಸರು ಬೇಡ. ಒಟ್ಟು 32 ಜನ ಇದ್ದಾರೆ. ಈಗ ಮೊದಲ ಕಂತಿನಲ್ಲಿ 6 ಜನರನ್ನ ಹೊರಗೆ ಕಳಿಸೋದು ಅಂತ ತೀರ್ಮಾನ ಆಗಿದೆ. 4 ಜನ ಚಿಂತಾಮಣಿ ಟೌನಿನ ಒಂದು ಬಾಡಿಗೆ ಮನೆಗೆ, ಜೊತೆಗೆ ಇಬ್ಬರು ನೋಡ್ಕೊಳ್ಳೋರು. ಇನ್ನಿಬ್ಬರು ಅವರವರ ಮನೆಗೇ.

ನನಗೆ ಹೇಳಿರೋದು ಇಷ್ಟು: "ಸಿಸ್ಟರ್, ಸಮ್ಮರಿ ಬರೆದು ಫೈಲ್ ರೆಡಿ ಮಾಡಿ." ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಜೆರಾಕ್ಸ್, ವಿಕಲತೆಯ ಶೇಕಡಾವಾರು ಸರ್ಟಿಫಿಕೇಟ್, ಮಾತ್ರೆ ಚೀಟಿ, ರಕ್ತದ ರಿಪೋರ್ಟ್. ಅದನ್ನ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ನನ್ನ ತಲೆನೋವು ಅದಲ್ಲ.

ಒಬ್ಬರ ವಿಷಯ ಹೇಳ್ತೀನಿ. ಇಲ್ಲಿ ಎಲ್ಲರೂ ಅವರನ್ನ ಮಾಮ ಅಂತಾರೆ. 38 ವಯಸ್ಸು. 19 ವರ್ಷದಿಂದ ಇಲ್ಲೇ ಇದ್ದಾರೆ. ಬರೋ ಮಾತು ಐದಾರು. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಗೆ, ತಮ್ಮನ ಮನೆಗೆ ಹೋಗ್ತಾರೆ. ಫೈಲಲ್ಲಿ ಏನಿದೆ? ಮಧ್ಯಮ ಪ್ರಮಾಣದ ವಿಕಲತೆ, 75%, ಮೂರ್ಛೆರೋಗ, ಅದಕ್ಕೆ ವಾಲ್ಪ್ರೊಯೇಟ್ ಮಾತ್ರೆ ಎರಡು ಹೊತ್ತು. ಫೈಲಲ್ಲಿ ಇಲ್ಲದೆ ಇರೋದು: ಹೊಟ್ಟೆ ನೋವು ಬಂದ್ರೆ ಮಾಮ ಹೊಟ್ಟೆ ಮುಟ್ಟಲ್ಲ. ಅಂಗಿ ಬಿಚ್ಚಿ ಮಡಚಕ್ಕೆ ಶುರು ಮಾಡ್ತಾರೆ. ಮಡಚಿ ಬಿಡಿಸಿ, ಮಡಚಿ ಬಿಡಿಸಿ, ನಾವು ಕಿತ್ಕೊಂಡ್ರೆ ತಲೆ ಚಚ್ಕೋತಾರೆ. ಅದರ ಅರ್ಥ ಮೂರು ದಿನದಿಂದ ಕಕ್ಕಸಿಗೆ ಹೋಗಿಲ್ಲ ಅಂತ. ಇದು ನನಗೆ ಗೊತ್ತಾಗೋಕೆ ಎರಡು ವರ್ಷ ಬೇಕಾಯ್ತು. ಆ ಎರಡು ವರ್ಷ ನಾವು ಅದನ್ನ ಹಟ ಅಂತ ಬರೆದ್ವಿ, ಹಟಕ್ಕೆ ಮಾತ್ರೆ ಜಾಸ್ತಿ ಆಯ್ತು, ಆ ಮಾತ್ರೆಗೆ ಮಲಬದ್ಧತೆ ಇನ್ನೂ ಜಾಸ್ತಿ ಆಯ್ತು. ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಇದನ್ನ ಯಾವ ಕಾಲಂನಲ್ಲಿ ಬರೀಲಿ? ಬರೆದ್ರೆ ಯಾರು ಓದ್ತಾರೆ? ಅನುಭವ ಇರೋರು ಹೇಳಿ.

ಕೆರೆ ಏರಿ

ಸಿಸ್ಟರ್, ನಾನು ಪಂಚಾಯ್ತಿ ವಿಆರ್‌ಡಬ್ಲ್ಯು, ಅಂದ್ರೆ ಊರಿನ ವಿಕಲಚೇತನರ ಪುನರ್ವಸತಿ ಕಾರ್ಯಕರ್ತ. ನನಗೂ ಒಂದು ಕಾಲು ಪೋಲಿಯೊ, ಮೂರು ಚಕ್ರದ ಸ್ಕೂಟರಲ್ಲಿ ಊರೂರು ಸುತ್ತೋದೇ ಕೆಲಸ. ನಿಮ್ಮ ತರ ಕೇಂದ್ರದಿಂದ ಬಂದವರು ನಮ್ಮ ಪಂಚಾಯ್ತೀಲಿ ಇಬ್ಬರವ್ರೆ. ಇಬ್ಬರು ಬಂದ ವಿಷ್ಯಾನೂ ನಂಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ, ಆಶಾ ಹೇಳಿದ್ಮೇಲೆ. ಅಷ್ಟೊತ್ತಿಗೆ ಒಬ್ಬನ ಪಿಂಚಣಿ ಹಳೇ ವಿಳಾಸದಲ್ಲೇ ಸಿಕ್ಕಾಕ್ಕೊಂಡಿತ್ತು.

ಹೊರಡೋಕೆ ಒಂದು ತಿಂಗಳು ಮುಂಚೆ ಆ ಊರಿನ ವಿಆರ್‌ಡಬ್ಲ್ಯುಗೆ ಒಂದು ಫೋನ್ ಹಾಕಿ. ಯಾರು ಅಂತ ಗೊತ್ತಿಲ್ಲ ಅಂದ್ರೆ ತಾಲ್ಲೂಕು ಪಂಚಾಯ್ತೀಲಿ ಎಂಆರ್‌ಡಬ್ಲ್ಯು (ತಾಲ್ಲೂಕು ಮಟ್ಟದ ಪುನರ್ವಸತಿ ಕಾರ್ಯಕರ್ತರು) ಕೂತಿರ್ತಾರೆ, ಅವರ ಹತ್ರ ಪಟ್ಟಿ ಇರುತ್ತೆ. ರೇಷನ್ ಕಾರ್ಡಿಂದ ಮಾಮನ ಹೆಸರು ಯಾವಾಗಲೋ ತೆಗೆದಿರ್ತಾರೆ, 19 ವರ್ಷ ಅಂದ್ರಲ್ಲ. ಅದನ್ನ ಮತ್ತೆ ಸೇರಿಸೋದು ದೊಡ್ಡ ರಾಮಾಯಣ. ಆಧಾರಲ್ಲಿ ನಿಮ್ಮ ಕೇಂದ್ರದ ವಿಳಾಸ ಇದ್ರೆ ಮೊದಲು ಅದು ಬದಲಾಗ್ಬೇಕು. ಆಮೇಲೆ ಉಳಿದದ್ದೆಲ್ಲ.

ಇನ್ನೊಂದು, ಫಿಟ್ಸ್ ಇರೋರು ಅಂದ್ರಲ್ಲ, ಆ ಮನೆ ಹತ್ರ ಕೃಷಿ ಹೊಂಡ ಐತಾ ನೋಡಿ. ನಮ್ಮ ಕಡೆ ಊರಿಗೆ ಹತ್ತು ಐತೆ. ಪ್ಲಾಸ್ಟಿಕ್ ಹಾಸಿರ್ತಾರೆ, ಜಾರಿದ್ರೆ ಗಟ್ಟಿ ಆಳೇ ಮೇಲಕ್ಕೆ ಬರೋಕಾಗಲ್ಲ.

ಟೊಮೆಟೊ ಮಂಡಿ

ಇಷ್ಟು ವರ್ಷ ಚೆನ್ನಾಗಿ ನೋಡ್ಕೊಂಡಿದ್ದೀರ ಮೇಡಂ. ಅಲ್ಲೇ ಇರ್ಲಿ ಬಿಡಿ. ಊರಲ್ಲಿ ಹುಡುಗ್ರು ಸುಮ್ನಿರ್ತಾರಾ? ಹುಚ್ಚ ಅಂತ ಕಲ್ಲು ಹೊಡೀತಾರೆ.

ಚಿಂತಾಮಣಿ ಸಿಸ್ಟರ್

ಅಣ್ಣ, ಒಂದು ಮಾತು. ಇದು ಹುಚ್ಚೂ ಅಲ್ಲ, ಮಾನಸಿಕ ಕಾಯಿಲೆಯೂ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇವೆರಡೂ ಬೇರೆ ಅಂತ ಬರೆದಿದ್ದಾರೆ. ಹುಟ್ಟಿನಿಂದಲೋ ಎಳೇ ವಯಸ್ಸಿನಿಂದಲೋ ಕಲಿಯೋದು ನಿಧಾನ, ಅಷ್ಟೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಇವರಿಗೂ ಸಮಾಜದ ನಡುವೆ ಬದುಕೋ ಹಕ್ಕಿದೆ, ಇಂಥ ಜಾಗದಲ್ಲೇ ಇರಬೇಕು ಅಂತ ಯಾರೂ ಕಡ್ಡಾಯ ಮಾಡೋ ಹಾಗಿಲ್ಲ.

ಚೆನ್ನಾಗಿ ನೋಡ್ಕೊಂಡಿದ್ದೀವಿ ಅಂದ್ರಿ, ಖುಷಿ. ಆದ್ರೆ ನಿಜ ಹೇಳ್ತೀನಿ. ನಮ್ಮಲ್ಲಿ ರಾತ್ರಿ ಊಟ ಸಂಜೆ 6 ಗಂಟೆಗೆ. ಯಾಕೆ? ಹಸಿವಾಗುತ್ತೆ ಅಂತಲ್ಲ, ಅಡುಗೆಯವರಿಗೆ ಆರೂಮುಕ್ಕಾಲಿನ ಬಸ್ಸು ಸಿಗಬೇಕು. 32 ಜನ ಬಸ್ಸಿನ ಟೈಮಿಗೆ ಉಣ್ತಾರೆ.

ಮುಳಬಾಗಿಲು ಟು ಡಬ್ಲಿನ್

ಅಕ್ಕ, ಆರು ಗಂಟೆ ಊಟ ಓದಿ ನಗು ಬಂತು, ಆಮೇಲೆ ಬರಲಿಲ್ಲ. ನಾನು ಮುಳಬಾಗಿಲಿನವಳು, ಬೆಂಗಳೂರಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ ಈಗ ಐರ್ಲೆಂಡಲ್ಲಿ ಇದ್ದೀನಿ. ಇಲ್ಲಿ ಬೌದ್ಧಿಕ ವಿಕಲತೆಯ ನರ್ಸಿಂಗ್ ಅನ್ನೋದೇ ಬೇರೆ ಓದು, ನಾಲ್ಕು ವರ್ಷದ ಡಿಗ್ರಿ, ಬೇರೆ ರಿಜಿಸ್ಟ್ರೇಷನ್. ನಾನು ಜನರಲ್ ನರ್ಸ್ ಆಗಿ ಬಂದು ಅವರ ಜೊತೆ ಕೆಲಸ ಮಾಡ್ತಾ ಕಲಿತವಳು. ನಮ್ಮ ಓದಿನಲ್ಲಿ ಇದು ಮನೋರೋಗ ಶುಶ್ರೂಷೆಯ ಪುಸ್ತಕದಲ್ಲಿ ಒಂದು ಪಾಠ, ಪರೀಕ್ಷೆಗೆ ಐದು ಮಾರ್ಕಿನ ಶಾರ್ಟ್ ನೋಟ್ಸ್.

ಇಲ್ಲಿ 2011ರಲ್ಲಿ ಒಂದು ಸರ್ಕಾರಿ ವರದಿ ಬಂತು. 10 ಅಥವಾ ಅದಕ್ಕಿಂತ ಜಾಸ್ತಿ ಜನ ಒಟ್ಟಿಗೆ ಇರೋ ಜಾಗಗಳನ್ನ ಮುಚ್ಚಬೇಕು, ಒಂದು ಮನೆಗೆ 4 ಜನಕ್ಕಿಂತ ಹೆಚ್ಚು ಬೇಡ ಅಂತ. ಅಂಥ ಜಾಗಗಳಲ್ಲಿ ಆಗ 4,000ಕ್ಕೂ ಹೆಚ್ಚು ಜನ ಇದ್ರು. 7 ವರ್ಷದಲ್ಲಿ ಮುಗಿಸಿ ಅಂದಿತ್ತು ವರದಿ. ಮುಗೀಲಿಲ್ಲ. ಇಷ್ಟು ದುಡ್ಡಿರೋ ದೇಶದಲ್ಲೇ ಹೀಗೆ, ಹಾಗಾಗಿ ಆರು ಜನರಿಂದ ಶುರು ಮಾಡ್ತಿರೋದು ಸರಿ ಅನ್ಸುತ್ತೆ ನನಗೆ.

ಮೊದಲ ಸಲ ನಾನು ಹೋದ ನಾಲ್ಕು ಜನರ ಮನೆ ನೋಡೋಕೆ ಚೆಂದ. ಹಿತ್ತಲು, ಸೋಫಾ, ಗೋಡೆ ಮೇಲೆ ಫೋಟೋ. ಆದ್ರೆ ಫ್ರಿಜ್‌ಗೆ ಬೀಗ. ಸಂಜೆ ಐದೂವರೆಗೆ ಎಲ್ಲರೂ ರಾತ್ರಿ ಬಟ್ಟೆಯಲ್ಲಿ ಕೂತಿದ್ರು. ಹಗಲು ಡ್ಯೂಟಿಯವರು ಮನೆಗೆ ಹೋಗೋ ಮುಂಚೆ ಬದಲಾಯಿಸಿಬಿಟ್ರೆ ರಾತ್ರಿಯವರಿಗೆ ಕೆಲಸ ಕಮ್ಮಿ ಅಂತ. ಹಳೇ ವಾರ್ಡನ್ನ ಪ್ಯಾಕ್ ಮಾಡಿ ತಂದಿದ್ರು. ನಿಮ್ಮ ಬಾಡಿಗೆ ಮನೆಗೆ ಹೋಗೋ ಆ ಇಬ್ಬರು ನೋಡ್ಕೊಳ್ಳೋರು ಯಾರು? ಕೇಂದ್ರದವರೇ ಆದ್ರೆ ಊಟದ ಟೈಮ್ ಮೊದಲು ಕೇಳಿ.

ನಿಮ್ಮ ಪ್ರಶ್ನೆಗೆ ಬರ್ತೀನಿ. ನಾವಿಲ್ಲಿ ಪ್ರತಿಯೊಬ್ಬರಿಗೂ ಒಂದು ಚಿಕ್ಕ ಪುಸ್ತಕ ಮಾಡ್ತೀವಿ, ಅವರೇ ಮಾತಾಡೋ ಹಾಗೆ. "ನನಗೆ ನೋವಾದ್ರೆ ನಾನು ಹೀಗೆ ಮಾಡ್ತೀನಿ." "ಸೂಜಿ ಚುಚ್ಚೋ ಮುಂಚೆ ಹೀಗೆ ಹೇಳಿ." "ಇದು ಕಂಡ್ರೆ ನನಗೆ ಭಯ." ಆಸ್ಪತ್ರೆಗೆ ಹೋದ್ರೆ ಅದೂ ಜೊತೆಗೆ ಹೋಗುತ್ತೆ. ಅಂಗಿ ಮಡಚೋದು ಅದರ ಮೊದಲ ಪುಟಕ್ಕೆ.

ಆದ್ರೆ ಪುಸ್ತಕ ಬರೆಯೋಕಿಂತ ದೊಡ್ಡ ಕೆಲಸ ಅಂದ್ರೆ ನೀವು ಜೊತೆಗೆ ಹೋಗೋದು. ಒಂದು ದಿನ ಬಿಟ್ಟು ಬರೋದಲ್ಲ. ಮೊದಲು ಹಗಲು ಹೋಗಿ ಬರೋದು, ಆಮೇಲೆ ಒಂದು ರಾತ್ರಿ, ಆಮೇಲೆ ವಾರ. ನೀವು ಮಾಡೋದನ್ನ ಮನೆಯವರು ನೋಡ್ಬೇಕು, ಆಮೇಲೆ ಅವರು ಮಾಡೋದನ್ನ ನೀವು ಸುಮ್ನೆ ಕೈ ಕಟ್ಟಿ ನೋಡ್ಬೇಕು. ಎರಡನೇದು ನರ್ಸ್‌ಗಳಿಗೆ ಬಲು ಕಷ್ಟ. ನನ್ನ ಕೈ ಈಗಲೂ ತುರಿಸುತ್ತೆ.

ಒಂದು ಪ್ರಶ್ನೆ: ಮಾಮ ಮುದ್ದೆ ಹೇಗೆ ಉಣ್ತಾರೆ? ನೀರು ಕುಡಿದಾಗ ಕೆಮ್ಮು ಬರುತ್ತಾ? ಗಂಟಲಲ್ಲಿ ಸಿಕ್ಕಿಕೊಳ್ಳೋ ಭಯಕ್ಕೆ ಕೇಳ್ತಿದ್ದೀನಿ.

ಹುಣಸೆಮರ

ಎಲ್ಲ ಓದಿದೆ. ಹಕ್ಕು, ಪುಸ್ತಕ, ಐರ್ಲೆಂಡು. ಚೆನ್ನಾಗೈತೆ.

ಒಂದು ಕೇಳ್ತೀನಿ ಸಿಸ್ಟರ್. ತಮ್ಮನ ಮನೆಗೆ ಹೋಗ್ತಾರೆ ಅಂದ್ರಲ್ಲ. ತಮ್ಮ ಬೆಳಿಗ್ಗೆ ಎದ್ದು ರೇಷ್ಮೆ ಹುಳಕ್ಕೆ ಸೊಪ್ಪು ತರೋಕೆ ಹೋಗ್ತಾನೆ, ಗೂಡು ಹಾಕೋಕೆ ಮಾರ್ಕೆಟ್ಟಿಗೆ ಹೋಗ್ತಾನೆ. ಸ್ನಾನ ಮಾಡಿಸೋಳು ಯಾರು? ತಮ್ಮನ ಹೆಂಡ್ತಿ. ನೀವು ಬರೆದಿದ್ದರಲ್ಲಿ ಅವಳ ಸುದ್ದೀನೇ ಇಲ್ಲ. ನಾನು ಅಂಥವಳೇ. ನಮ್ಮ ಯಜಮಾನರ ಅಣ್ಣ ನಾಲ್ಕು ವರ್ಷದ ಹಿಂದೆ ಬಂದ್ರು. ಬರೋ ದಿನ ಜೀಪಲ್ಲಿ ಮೂರು ಜನ ಬಂದ್ರು, ಹೂವು ತಂದಿದ್ರು, ಫೋಟೋ ಹಿಡಿದ್ರು, ನನ್ನ ಕೈಲಿ ಒಂದು ಕವರ್ ಮಾತ್ರೆ ಕೊಟ್ಟು ಹೋದ್ರು. ಅವರು ನನ್ನ ಕೇಳಲಿಲ್ಲ, ನಮ್ಮೆಜಮಾನರ ಸಹಿ ತಗೊಂಡ್ರು.

ಬೆಳೆದ ಗಂಡಸು. ಬಟ್ಟೆ ಮೇಲೆ ನಿಗಾ ಇಲ್ಲ. ಮನೇಲಿ ವಯಸ್ಸಿಗೆ ಬಂದ ಮಗಳವ್ಳೆ. ಯಾರ ಹತ್ರ ಹೇಳ್ಕೊಳ್ಳೋದು? ತವರಿಗೆ ಹೋಗಿ ಎರಡು ದಿನ ಇದ್ದು ಬರೋಣ ಅಂದ್ರೆ ಇವರನ್ನ ಯಾರ ಹತ್ರ ಬಿಡೋದು? ನಾಲ್ಕು ವರ್ಷದಲ್ಲಿ ಒಂದು ಮದುವೆಗೆ ಪೂರ್ತಿ ಕೂತು ಉಂಡಿಲ್ಲ ನಾನು. ಅವರ ಮೇಲೆ ಕೋಪ ಇಲ್ಲ, ಪಾಪ, ಮಗೂ ತರ. ಕೋಪ ಬಂದಾಗ ಯಾರ ಮೇಲೆ ಅಂತ ಗೊತ್ತಾಗಲ್ಲ.

ಚಿಂತಾಮಣಿ ಸಿಸ್ಟರ್

ಅಕ್ಕ, ನೀವು ಹೇಳಿದ್ದು ತಲೆ ಮೇಲೆ ಹೊಡೆದ ಹಾಗಾಯ್ತು. ನಿಜ, ನಾನು ಮೂರು ಸಲ ಮಾಮನ ತಮ್ಮನ ಹತ್ರ ಮಾತಾಡಿದ್ದೀನಿ, ಅವರ ಮನೆಯವರ ಹತ್ರ ಒಂದು ಸಲಾನೂ ಇಲ್ಲ. ನಾಳೆ ಫೋನ್ ಮಾಡ್ತೀನಿ.

ಬಟ್ಟೆ ವಿಷಯ, ಅದಕ್ಕೆ ನಾಚ್ಕೋಬೇಡಿ. ನಾವು ಕಲಿಸೋದು ಹೀಗೆ: ಒಂದೇ ಜಾಗ, ಬಾಗಿಲು ಇರೋ ಕೋಣೆ, ಬಟ್ಟೆ ಬದಲಾಯಿಸೋದು ಅಲ್ಲೇ. ಹೊರಗೆ ಬಿಚ್ಚಿದ್ರೆ ಬೈಯೋದಿಲ್ಲ, ನಗೋದಂತೂ ಇಲ್ಲ. ಕೈ ಹಿಡಿದು ಕೋಣೆಗೆ ಕರ್ಕೊಂಡು ಹೋಗೋದು, ಪ್ರತಿ ಸಲ ಅದೇ ಒಂದು ಮಾತು. ಗಂಡಸರು ಕಲಿಸಿದ್ರೆ ಒಳ್ಳೇದು, ನಿಮ್ಮ ಯಜಮಾನರಿಗೆ ಹೇಳಿ. ತಿಂಗಳುಗಟ್ಟಲೆ ಹಿಡಿಯುತ್ತೆ, ಆದ್ರೆ ಬರುತ್ತೆ.

ಪಿಂಚಣಿ ಮೇಷ್ಟ್ರು

ನಿವೃತ್ತ ಶಿಕ್ಷಕ, ಕೋಲಾರ. ಮಗಳಿಗೆ 41, ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಇರುವ ಬೌದ್ಧಿಕ ವಿಕಲತೆಯ ಒಂದು ಬಗೆ. ಮನೆಯಲ್ಲೇ ಬೆಳೆದವಳು, ಕೇಂದ್ರ ನೋಡಿಲ್ಲ. ನನಗೆ 74. ನಮ್ಮ ಪ್ರಶ್ನೆ ನಿಮ್ಮದಕ್ಕೆ ತಿರುವುಮುರುವು: ನೀವು ಒಳಗಿಂದ ಹೊರಗೆ ಕಳಿಸುತ್ತಿದ್ದೀರಿ, ನಾವು ನಮ್ಮ ಕಾಲಾನಂತರ ಎಲ್ಲಿಗೆ ಎಂದು ಹುಡುಕುತ್ತಿದ್ದೇವೆ. ಹಾಗಾಗಿ ಆ ನಾಲ್ಕು ಜನರ ಬಾಡಿಗೆ ಮನೆಯ ಮೇಲೆಯೇ ನನ್ನ ಕಣ್ಣು.

ಕಾಗದಪತ್ರದಲ್ಲಿ ಹಲವರು ಎಡವುವ ಒಂದು ಸಂಗತಿ. 18 ತುಂಬಿದ ಮೇಲೆ ತಂದೆತಾಯಿಯೂ ಕಾನೂನಿನ ಕಣ್ಣಲ್ಲಿ ತಾನಾಗಿಯೇ ಪಾಲಕರಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸಬೇಕು. ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯ ಒಬ್ಬರು, ವಿಕಲಚೇತನರೊಬ್ಬರು ಇರುತ್ತಾರೆ. ಮಾಮನ ತಮ್ಮನ ಹೆಸರಿಗೆ ಅದು ಆಗಿದೆಯೇ? ಜಮೀನಿನಲ್ಲಿ ಅಣ್ಣನ ಭಾಗವೂ ಇರುತ್ತದೆ, ಹಾಗಾಗಿ ಬಾಯಿಮಾತಲ್ಲಿ ಬಿಡಬೇಡಿ. ಅದೇ ನ್ಯಾಸದ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಪ್ರತಿ ವರ್ಷ ನವೀಕರಿಸಬೇಕು. ನಾನು ಒಂದು ವರ್ಷ ಮರೆತು ಪಜೀತಿ ಪಟ್ಟಿದ್ದೇನೆ.

ಮಗಳು ಹೋದ ವರ್ಷದಿಂದ ಮಂಕಾದಳು. ರಂಗೋಲಿ ಅರ್ಧಕ್ಕೆ ಬಿಡುತ್ತಾಳೆ, ಬಚ್ಚಲಿನ ದಾರಿ ತಪ್ಪುತ್ತಾಳೆ. ನೆಂಟರು ಸೋಮಾರಿತನ ಎಂದರು. ಒಬ್ಬ ನರ್ಸಮ್ಮ ಮಾತ್ರ "ಥೈರಾಯ್ಡ್ ಯಾವಾಗ ನೋಡಿಸಿದ್ರಿ ಸಾರ್?" ಎಂದು ಕೇಳಿದರು. ಐದು ವರ್ಷವಾಗಿತ್ತು. ಮಾತ್ರೆ ಶುರುವಾದ ಮೇಲೆ ಸ್ವಲ್ಪ ಗೆಲುವಾಗಿದ್ದಾಳೆ. ಪೂರ್ತಿ ಅಲ್ಲ. ಡೌನ್ ಸಿಂಡ್ರೋಮ್ ಇರುವವರಿಗೆ ಮರೆವಿನ ಕಾಯಿಲೆ ನಲವತ್ತು ಐವತ್ತರಲ್ಲೇ ಬರಬಹುದಂತೆ. ರಂಗೋಲಿ ಈಗಲೂ ಅರ್ಧವೇ.

ನೈಟ್ ಡ್ಯೂಟಿ

ತಾಲ್ಲೂಕು ಆಸ್ಪತ್ರೆ ಕ್ಯಾಶುಯಲ್ಟಿ ಸ್ಟಾಫ್ ನರ್ಸ್. ನಿಮ್ಮವರು ರಾತ್ರಿ ಎರಡು ಗಂಟೆಗೆ ಬರೋದು ನನ್ನ ಹತ್ರ. ನನಗೆ 40 ಪುಟದ ಫೈಲ್ ಬೇಡ ಸಿಸ್ಟರ್, ಓದೋಕೆ ಟೈಮಿಲ್ಲ. ಒಂದು ಹಾಳೆ, ಲ್ಯಾಮಿನೇಷನ್ ಮಾಡಿಸಿ. ಅದರಲ್ಲಿ: ಯಾವ ಮಾತ್ರೆ ಎಷ್ಟು ಎಂಜಿ, ಯಾವುದು ಕೊಟ್ರೆ ಅಲರ್ಜಿ, ಮಾಮೂಲಿ ಫಿಟ್ಸ್ ಎಷ್ಟು ನಿಮಿಷ ಇರುತ್ತೆ, ಮಾಮೂಲಿ ದಿನ ಈ ಮನುಷ್ಯ ಹೇಗಿರ್ತಾನೆ. ಕೊನೇದು ಬಹಳ ಮುಖ್ಯ. ಮಂಪರಲ್ಲಿ ಇದ್ದಾರೆ ಅನ್ಸಿದ್ರೆ "ಇವರು ಇರೋದೇ ಹೀಗೆ" ಅಂತ ಬಿಟ್ಟುಬಿಡ್ತೀವಿ. ನಾನೂ ಬಿಟ್ಟಿದ್ದೀನಿ. ಒಂದು ಸಲ ಕಿವಿ ಕಿವಿ ಹೊಡ್ಕೊಳ್ತಿದ್ದ ಹುಡುಗನಿಗೆ ನಿದ್ದೆ ಇಂಜೆಕ್ಷನ್ ಆಯ್ತು, ಬೆಳಿಗ್ಗೆ ನೋಡಿದ್ರೆ ದವಡೆ ಹಲ್ಲಲ್ಲಿ ಕೀವು.

ಮನೆಯವರಿಗೆ ಫಿಟ್ಸ್ ಪಾಠ ಮಾಡಿ ಕಳಿಸಿ. ನಮ್ಮ ಕಡೆ ಇನ್ನೂ ಕೈಗೆ ಬೀಗದ ಕೈ ಕೊಡ್ತಾರೆ, ಈರುಳ್ಳಿ ಮೂಸಿಸ್ತಾರೆ, ಬಾಯಿಗೆ ಚಮಚ ತುರುಕಿ ಹಲ್ಲು ಮುರೀತಾರೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದ್ರೆ 108. ಡಾಕ್ಟರ್ ಫಿಟ್ಸ್ ನಿಲ್ಲಿಸೋ ಮಿಡಜೋಲಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ರೆ ಅದನ್ನ ಹೇಗೆ ಹೊಡೆಯೋದು ಅಂತ ಖಾಲಿ ಬಾಟಲಲ್ಲಿ ಮಾಡಿ ತೋರಿಸಿ. ವಾಲ್ಪ್ರೊಯೇಟ್ ಖಾಲಿಯಾಯ್ತು, ಸೋಮವಾರ ತರೋಣ ಅಂತ ಎರಡು ದಿನ ಬಿಟ್ಟವರೇ ನಮ್ಮಲ್ಲಿಗೆ ಒಂದರ ಹಿಂದೆ ಒಂದು ಫಿಟ್ಸ್‌ನಲ್ಲಿ ಬರೋದು. ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದಾಗ ಒಂದು ಸಲ ಮುಖ ತೋರಿಸಿಡಿ, ಚೀಟಿ ನಮ್ಮಲ್ಲಿ ಇದ್ದಂಗಾಗುತ್ತೆ. ಅಮ್ಮಂದಿರಿಗೆ ಅತ್ತಿಗೆಯರಿಗೆ ತಾವೇ ಕುಸಿದಾಗ ಮಾತಾಡೋಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡ್ತಾರೆ. ಹುಣಸೆಮರ ಅಕ್ಕ, ನಿಮಗೇ ಹೇಳಿದ್ದು.

ಚಿಂತಾಮಣಿ ಸಿಸ್ಟರ್

ಮೂರು ವಾರ ಆಯ್ತು ಬರೆದು. ನಡೆದದ್ದು ಹೇಳ್ತೀನಿ.

ಮಾಮನ ತಮ್ಮನ ಹೆಂಡತಿಗೆ ಫೋನ್ ಮಾಡಿದೆ. ಮೊದಲ ಮಾತೇ "ಏಮ್ಮಾ?" ಅಂತ ತೆಲುಗಲ್ಲಿ ಬಂತು. ಆಗ ಹೊಳೀತು ನನಗೆ: ಮನೆ ಮಾತು ತೆಲುಗು, ನಾವು 19 ವರ್ಷ ಕನ್ನಡದಲ್ಲೇ ಮಾತಾಡಿಸಿದ್ದೀವಿ. ಮಾಮ ಆಗಾಗ "ದಾ" ಅಂತಿದ್ರು, ನಾವು ಅದು ಅರ್ಥ ಇಲ್ಲದ ಸದ್ದು ಅಂದ್ಕೊಂಡಿದ್ವಿ. ಬಾ ಅಂತ ಕರೀತಿದ್ರಂತೆ.

ಮುಂದಿನ ಭಾನುವಾರ ಅವರನ್ನೇ ಕೇಂದ್ರಕ್ಕೆ ಕರೆಸಿದೆ, ಗಂಡ ಬಿಟ್ಟು. ಒಂದಿಡೀ ದಿನ ಇದ್ರು. ಆಮೇಲೆ ನಾನು ಮಾಮನ ಜೊತೆ ಎರಡು ಸಲ ಹಳ್ಳಿಗೆ ಹೋಗಿ ಬಂದೆ, ಎರಡನೇ ಸಲ ರಾತ್ರಿ ಉಳಿದ್ವಿ. ಕೃಷಿ ಹೊಂಡ ಮನೆ ಹಿಂದೇನೇ ಇದೆ, ಕೆರೆ ಏರಿ ಅಣ್ಣ ಹೇಳಿದ್ದು ಸರಿ. ತಮ್ಮ ಸುತ್ತ ತಂತಿ ಬೇಲಿ ಹಾಕ್ತೀನಿ ಅಂದಿದ್ದಾರೆ, ಹಾಕೋವರೆಗೂ ಕಳಿಸಲ್ಲ ಅಂದಿದ್ದೀನಿ. ರೇಷ್ಮೆ ಹುಳುಮನೆ ತೊಳೆಯೋ ಬ್ಲೀಚಿಂಗ್ ಪೌಡರು ಸುಣ್ಣದ ಜೊತೆ ತೆರೆದ ಡಬ್ಬದಲ್ಲಿತ್ತು, ಮೇಲಕ್ಕೆ ಹೋಯ್ತು. ಪುಣ್ಯಕ್ಕೆ ಇವರು ಹುಳು ಸಾಕಿ ಗೂಡು ಮಾರೋರು, ನೂಲು ಬಿಚ್ಚೋರಲ್ಲ. ಕುದಿಯೋ ಬಾಣಲೆ ಪಕ್ಕ ಫಿಟ್ಸ್ ಇರೋರು ಅಂದ್ರೆ ನಾನು ಒಪ್ತಾನೇ ಇರಲಿಲ್ಲ.

ಡಬ್ಲಿನ್ ಅವರೇ, ಮುದ್ದೆ ಬಗ್ಗೆ ಕೇಳಿದ್ರಿ. ಮಾಮ ದೊಡ್ಡ ತುತ್ತು ನುಂಗ್ತಾರೆ, ಆತುರ ಜಾಸ್ತಿ. ಮುದ್ದೆ ನಾವ್ಯಾರೂ ಅಗಿಯಲ್ಲವಲ್ಲ, ಅಗಿದು ತಿನ್ನಿ ಅನ್ನೋ ಹಾಗಿಲ್ಲ. ಹಾಗಾಗಿ ನಿಂಬೆಹಣ್ಣಲ್ಲ, ನೆಲ್ಲಿಕಾಯಿ ಗಾತ್ರ, ಸಾರಲ್ಲಿ ಪೂರ್ತಿ ಅದ್ದಿ, ಒಂದು ಹೋದ ಮೇಲೆ ಇನ್ನೊಂದು, ನೆಟ್ಟಗೆ ಕೂತು. ನೀರಿಗೆ ಕೆಮ್ಮು ಇಲ್ಲ.

ಇನ್ನೊಂದು ಹೇಳ್ಲೇಬೇಕು. ಹಳ್ಳಿಗೆ ಹೋದ ದಿನ ಹುಳು ಹಣ್ಣಾಗಿತ್ತು, ಅಂದ್ರೆ ಗೂಡು ಕಟ್ಟೋ ಹದಕ್ಕೆ ಬಂದಿತ್ತು. ಮನೆಮಂದಿಯೆಲ್ಲ ಆರಿಸಿ ಗೂಡು ಕಟ್ಟೋ ತಟ್ಟೆಗೆ, ಚಂದ್ರಿಕೆಗೆ, ಬಿಡ್ತಿದ್ರು. ಮಾಮ ಸ್ವಲ್ಪ ಹೊತ್ತು ನಿಂತು ನೋಡಿದ್ರು, ಕೂತ್ರು, ಹಣ್ಣು ಹುಳು ಮಾತ್ರ ಎರಡು ಬೆರಳಲ್ಲಿ ಎತ್ತಿ ಬಿಡೋಕೆ ಶುರು ಮಾಡಿದ್ರು. ಹಸಿ ಹುಳು ಒಂದೂ ಮುಟ್ಟಲಿಲ್ಲ. ನನಗೆ ಯಾವುದು ಹಣ್ಣು ಯಾವುದು ಹಸಿ ಅಂತ ಇನ್ನೂ ಗೊತ್ತಾಗಿರಲಿಲ್ಲ. ನಮ್ಮ ಫೈಲಲ್ಲಿ "ಸೂಕ್ಷ್ಮ ಕೈಕೆಲಸ: ಕಡಿಮೆ" ಅಂತಿದೆ, ಬರೆದವಳು ನಾನೇ. ಅವರು ಹದಿನೆಂಟು ಹತ್ತೊಂಬತ್ತರವರೆಗೂ ಆ ಮನೇಲೇ ಬೆಳೆದವರು ಅನ್ನೋದು ಯಾರಿಗೂ ನೆನಪಾಗಿರಲಿಲ್ಲ.

ಟೊಮೆಟೊ ಮಂಡಿ

ಮೇಡಂ, ಆ ನಾಲ್ಕು ಜನರ ಬಾಡಿಗೆ ಮನೆ ಸಿಕ್ತಾ? ನಮ್ಮ ಬೀದಿಯಲ್ಲಿ ಒಬ್ಬರು ಕೇಳ್ಕೊಂಡು ಬಂದಿದ್ರು ಅಂದ್ರು, ಓನರ್ ಆಗಲ್ಲ ಅಂದ್ರಂತೆ. ನೀವೇ ಇರ್ಬೇಕು. ನಮ್ಮ ಚಿಕ್ಕಪ್ಪಂದು ಕೆಳಗಡೆ ಮನೆ ಖಾಲಿ ಇದೆ, ಮೆಟ್ಟಿಲಿಲ್ಲ. ಮಾತಾಡಿ ನೋಡ್ತೀನಿ. ಮಾತು ಕೊಡ್ತಿಲ್ಲ.

ಮುಳಬಾಗಿಲು ಟು ಡಬ್ಲಿನ್

ಮೆಟ್ಟಿಲಿಲ್ಲ ಅಂದ್ರೆ ಬಿಡಬೇಡಿ ಅಕ್ಕ!

ಹುಣಸೆಮರ

ಸಿಸ್ಟರ್, ಮಾಮನ ತಮ್ಮನ ಹೆಂಡ್ತಿ ನಂಬರ್ ಕೊಡ್ತೀರಾ ಅಂತ ಕೇಳಲ್ಲ. ನನ್ನ ನಂಬರ್ ಮೆಸೇಜಲ್ಲಿ ಕಳ್ಸೀನಿ, ಅವಳಿಗೆ ಕೊಡಿ. ಬೇಕು ಅನ್ಸಿದ್ರೆ ಅವಳೇ ಮಾಡ್ಲಿ.

ಚಿಂತಾಮಣಿ ಸಿಸ್ಟರ್

ಬೇಲಿ ಆಯ್ತು, ಮಾಮ ಹೋಗಿ 12 ದಿನ. ಟೌನಿನ ಮನೆ ಇನ್ನೂ ಮಾತುಕತೆಯಲ್ಲೇ ಇದೆ.

ಮೊನ್ನೆ ರಾತ್ರಿ ಒಂಬತ್ತಕ್ಕೆ ತಮ್ಮನ ಹೆಂಡತಿಯ ಫೋನ್ ಬಂತು. "ಸಿಸ್ಟರ್, ಮಡಚ್ತಾ ಕೂತವ್ರೆ, ಒಂದು ಗಂಟೆಯಿಂದ." ನನ್ನ ಎದೆ ಧಸಕ್ ಅಂತು. ಎಷ್ಟು ದಿನ ಆಯ್ತು ಹೋಗಿ? ಬೆಳಿಗ್ಗೆ ಹೋದ್ರಲ್ಲ. ಹೊಟ್ಟೆ ಗಟ್ಟಿ ಇದೆಯಾ? ಮೆತ್ತಗಿದೆ. ಜ್ವರ? ಇಲ್ಲ. ಊಟ? ಎರಡು ಮುದ್ದೆ. ಅಂಗಿ ಬಿಚ್ಚಿದ್ದಾರಾ ಅಂತ ಕೇಳಿದೆ. "ಅವರ ಅಂಗಿ ಮೈ ಮೇಲೇ ಐತೆ ಸಿಸ್ಟರ್. ತಂತಿ ಮೇಲಿಂದ ನಾನು ತಂದು ಹಾಕಿದ್ನಲ್ಲ, ಆ ಬಟ್ಟೆ." ಆಮೇಲೆ ಫೋನಲ್ಲೇ ನಗೋಕೆ ಶುರು ಮಾಡಿದ್ರು. ಇಡೀ ಮನೆ ಬಟ್ಟೆ ಮಡಚಿಟ್ಟಿದ್ದಾರಂತೆ, ಒದ್ದೆ ಇದ್ದ ಟವಲೂ ಸೇರಿ.

ನಮ್ಮಲ್ಲಿ ಬಟ್ಟೆ ಎಲ್ಲ ಧೋಬಿಗೆ ಹೋಗಿ ಕಟ್ಟು ಕಟ್ಟಾಗಿ ಬರುತ್ತೆ. ಅವರ ಕೈಗೆ ಸಿಗ್ತಿದ್ದಿದ್ದು ಮೈ ಮೇಲಿನ ಅಂಗಿ ಒಂದೇ.

ಪುಸ್ತಕದ ಮೊದಲ ಪುಟದಲ್ಲಿ "ಮಡಚಿದರೆ ಹೊಟ್ಟೆ ನೋವು" ಅಂತ ಬರೆದಿದ್ದೆ. ಅದನ್ನ ಹೊಡೆದು ಹಾಕಿ "ತನ್ನ ಅಂಗಿ ಬಿಚ್ಚಿ ಮಡಚಿದರೆ" ಅಂತ ತಿದ್ದಿಸಿದೆ. ಕಕ್ಕಸಿನ ಲೆಕ್ಕ ಕ್ಯಾಲೆಂಡರಲ್ಲಿ ಗೆರೆ ಹಾಕೋದು ನಿಲ್ಲಿಸಬೇಡಿ ಅಂತಲೂ ಹೇಳಿದ್ದೀನಿ. ಎರಡು ತಿಂಗಳು ವಾರಕ್ಕೊಂದು ಸಲ ಹೋಗಿ ಬರ್ತೀನಿ. ಬಸ್ ಚಾರ್ಜ್ ಕೊಡ್ತಾರಾ ಅಂತ ಆಡಳಿತದವರನ್ನ ಕೇಳಿದ್ದೀನಿ, ಉತ್ತರ ಬಂದಿಲ್ಲ.

ಕೆರೆ ಏರಿ

ಶಕ್ತಿ ಯೋಜನೆ ಐತಲ್ಲ ಸಿಸ್ಟರ್, ಹೆಂಗಸರಿಗೆ ಬಸ್ ಫ್ರೀ! ಕ್ರಾಸಿಂದ ಊರಿಗೆ ಆಟೋ ಅಂದ್ರೆ ಬೇರೆ ಮಾತು. ರೇಷನ್ ಕಾರ್ಡ್ ಏನಾಯ್ತು, ಅದನ್ನ ಹೇಳಲೇ ಇಲ್ಲ ನೀವು.